ಉಡಿ ತುಂಬಿ ಶಾಲೆಗೆ ಕಳಿಸಿದ್ದು

ನಿಮ್ಮ ಅಕ್ಕ ಕಲ್ಯಾಣದ ಆಚೆಯ ಆ ಶಾಲೆಗೆ ಸೇರಿದಾಗ ನೀವಿಬ್ಬರೂ ಸಣ್ಣವರು. ಅವಳು ಯಾಕೆ ಹೋದಳು, ಅಲ್ಲಿ ಏನಾಯಿತು ಎಂಬುದನ್ನು ಯಾರೂ ನಿಮಗೆ ಸರಿಯಾಗಿ ಹೇಳಲಿಲ್ಲ. ಈಗ ನೀವು ಅಕ್ಷರ ಕೂಡಿಸಿ ಕನ್ನಡ ಓದುತ್ತೀರಿ. ನೀವು ಆಯಿ ಎನ್ನುವ ಈ ಅಜ್ಜಿ ಕೇಳಿದ್ದಕ್ಕೆ ಹಿಂದಿಯಲ್ಲೇ ಉತ್ತರ ಕೊಟ್ಟರೂ ಪರವಾಗಿಲ್ಲ, ಇದನ್ನು ಮಾತ್ರ ಓದಿ. ಎದುರಿಗೆ ಕೂತು ಹೇಳುವುದಕ್ಕಿಂತ ಬರೆಯುವುದು ನನಗೆ ಹಗುರ.

ನಿಮ್ಮ ಅಕ್ಕನಿಗೆ ಚಿಕ್ಕಂದಿನಿಂದಲೂ ಅಕ್ಷರ ಕೈಗೆ ಹತ್ತುತ್ತಿರಲಿಲ್ಲ. ಹಾಡು ಒಮ್ಮೆ ಕೇಳಿದರೆ ಪೂರ್ತಿ ಹೇಳುತ್ತಿದ್ದಳು. ಯಾರ ಮನೆಯಲ್ಲಿ ಯಾವ ದಿನ ಏನು ಅಡುಗೆ ಮಾಡಿದ್ದರು ಎಂಬುದನ್ನು ವರ್ಷದ ಮೇಲೆ ನೆನಪಿಟ್ಟು ಹೇಳುತ್ತಿದ್ದಳು. ಪುಸ್ತಕ ಮುಂದಿಟ್ಟರೆ ಮಾತ್ರ ಅವಳ ಮೈ ಬಿಗಿಯುತ್ತಿತ್ತು. ಡೊಂಬಿವಲಿಯ ಶಾಲೆಯಲ್ಲಿ ಮಕ್ಕಳು ‘ಪಾಗಲ್’ ಎಂದು ಕರೆದು ನಗುವರು. ನಕ್ಕರೆ ಅವಳಿಗೆ ತಡೆಯದು. ಕೈಗೆ ಸಿಕ್ಕಿದ್ದನ್ನು ಎಸೆಯುವಳು, ಚೀರುವಳು, ಗೋಡೆಗೆ ಹಣೆ ಹೊಡೆದುಕೊಳ್ಳುವಳು. ಒಂದು ದಿನ ಶಾಲೆಯಿಂದ ಓಡಿ ರೈಲು ಹಳಿಯ ಗುಂಟ ಠಾಕುರ್ಲಿಯ ಕಡೆಗೆ ನಡೆದುಬಿಟ್ಟಿದ್ದಳು. ಕೋತಂಬರಿ ಮಾರುವ ಹೆಂಗಸೊಬ್ಬಳು ಗುರುತು ಹಿಡಿದು ಕೈ ಹಿಡಿದುಕೊಂಡು ಮನೆಗೆ ತಂದು ಬಿಟ್ಟಳು. ಅಂದಿನಿಂದ ಶಾಲೆಯವರು ಬೇಡವೆಂದರು. ನಿಮ್ಮ ಮಮ್ಮಿ ಪ್ಯಾಕಿಂಗ್ ಕಂಪನಿಯ ಕೆಲಸ ಬಿಟ್ಟು ಅವಳನ್ನು ಕಾಯುತ್ತ ಮನೆಯಲ್ಲೇ ಕೂತಳು. ಬಾಗಿಲಿಗೆ ಒಳಗಿನಿಂದ ಬೀಗ.

ಠಾಣೆಯ ಸರಕಾರಿ ದವಾಖಾನೆಯ ಡಾಕ್ಟರು ಬಹಳ ಹೊತ್ತು ಅವಳೊಂದಿಗೆ ಆಟ ಆಡಿ, ಚಿತ್ರ ತೋರಿಸಿ, ಕೊನೆಗೆ ನಮ್ಮನ್ನು ಒಳಗೆ ಕರೆದರು. ಇವಳಿಗೆ ಹುಚ್ಚಿಲ್ಲ, ಇವಳು ದಡ್ಡಿಯೂ ಅಲ್ಲ, ಇವಳ ತಲೆ ಕಲಿಯುವ ದಾರಿ ಬೇರೆ, ಹೆದರಿಕೆ ಮತ್ತು ಸಿಟ್ಟು ಎರಡೂ ಬೇಗ ಏರುತ್ತವೆ ಎಂದು ಹೇಳಿದರು. ಇಂಥ ಮಕ್ಕಳಿಗಾಗಿಯೇ ಒಂದು ಸಂಸ್ಥೆಯವರು ಶಾಲೆ ನಡೆಸುತ್ತಾರೆ, ಅಲ್ಲೇ ಇರುವುದು, ಅಲ್ಲೇ ಊಟ, ಅಲ್ಲೇ ಕಲಿಯುವುದು ಎಂದರು. ಕಲ್ಯಾಣದಿಂದ ಮುರಬಾಡ್ ಕಡೆಗೆ ಬಸ್ಸಿನಲ್ಲಿ ಹೋಗಬೇಕು.

ಆ ಶಾಲೆಯ ಪದ್ಧತಿ ಹೀಗಿತ್ತು. ಮೊದಲ ಒಂದು ತಿಂಗಳು ಮನೆಯವರು ಹೋಗುವಂತಿಲ್ಲ, ಫೋನೂ ಇಲ್ಲ. ಮಗು ಅಲ್ಲಿ ಹೊಂದಿಕೊಂಡರೆ ಇಟ್ಟುಕೊಳ್ಳುತ್ತಾರೆ, ಆಮೇಲೆ ಪ್ರತಿ ಶನಿವಾರ ಮನೆಗೆ ಬರಬಹುದು. ಹೊಂದದಿದ್ದರೆ ನಾವು ವಾಪಸ್ ಕರೆದುಕೊಂಡು ಹೋಗಬೇಕು. ವಾಪಸ್ ಎಂದರೆ ಮತ್ತೆ ಆ ಬೀಗ ಹಾಕಿದ ಖೋಲಿ. ಬೇರೆ ಯಾವ ಬಾಗಿಲೂ ನಮಗೆ ಉಳಿದಿರಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಎದುರು ಖೋಲಿಯ ಕಲಬುರಗಿಯಾಕೆ ಬಂದು ಬಾಗಿಲಲ್ಲಿ ನಿಂತಳು.

“ಏನ್ರೀ, ಹೆಣ್ಣಕೂಸು ಮನಿ ಬಿಟ್ಟು ಹೊಂಟದ. ಬರೀ ಉಡೀಲೆ ಕಳಸ್ತೀರೇನು?”

“ಶಾಲಿಗೆ ಹೊಂಟಾಳ್ರೀ ಅಕ್ಕಾ, ಅದಕ್ಕೂ ಉಡಿ ಏನು?” ಎಂದಳು ನಿಮ್ಮ ಮಮ್ಮಿ.

“ಎಲ್ಲಿಗೇ ಹೋಗವಲ್ಲಳ್ಯಾಕ. ಬರಿ ಉಡೀಲೆ ಹೊಸ್ತಲಾ ದಾಟಬಾರದು.”

ಅದು ಸರಿಯೆಂದು ಎಲ್ಲರಿಗೂ ಅನ್ನಿಸಿತು. ನಮ್ಮ ಕಡೆ ಮನೆಯಿಂದ ಹೊರಡುವ ಹೆಣ್ಣಿಗೆ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣ ಬೇರು, ಅಡಿಕೆ ಹಾಕಿ ಕಳಿಸುತ್ತೇವೆ. ಹೋದ ಕಡೆ ತುಂಬಿಕೊಂಡಿರಲಿ ಎಂಬ ಆಸೆ, ಅಷ್ಟೇ. ಗಂಡನನ್ನು ಕಳೆದುಕೊಂಡ ನಾನು ಉಡಿ ತುಂಬುವಂತಿರಲಿಲ್ಲ, ಅಡುಗೆಕಟ್ಟೆಯ ಹತ್ತಿರ ಕೂತು ನೋಡಿದೆ. ನಿಮ್ಮ ಅಕ್ಕನಿಗೆ ಹೊಸ ಚೂಡಿದಾರ ತೊಡಿಸಿ ಮಣೆಯ ಮೇಲೆ ಕೂಡಿಸಿದರು. ಓಢಣಿಯನ್ನು ತಲೆಯ ಮೇಲೆ ಹೊದಿಸಿ, ಅದರ ತುದಿಯಲ್ಲೇ ಉಡಿ ತುಂಬಿ ಗಂಟು ಹಾಕಿದರು. ಅಳಬಾರದೆಂದು ಶಾಲೆಯವರು ಮೊದಲೇ ಹೇಳಿದ್ದರು. ಆದರೆ ಕಲಬುರಗಿಯಾಕೆಯೇ ಮೊದಲು ಕಣ್ಣಿಗೆ ಸೆರಗು ಹಚ್ಚಿದಳು. ಅವಳನ್ನು ನೋಡಿ ನಿಮ್ಮ ಮಮ್ಮಿ, ಅವಳನ್ನು ನೋಡಿ ನಾನು. ನಿಮ್ಮ ಪಪ್ಪಾ ಬಾಗಿಲ ಹೊರಗಿನ ಗ್ಯಾಲರಿಗೆ ಹೋಗಿ ಬೆನ್ನು ಮಾಡಿ ನಿಂತ. ನಿಮ್ಮ ಅಕ್ಕ ಮಾತ್ರ ಅಳಲಿಲ್ಲ. ಒಬ್ಬೊಬ್ಬರ ಮುಖವನ್ನೂ ಸರದಿಯಂತೆ ನೋಡಿದಳು.

ಅವಳನ್ನು ಬಿಡಲು ನಾವು ಮೂವರೂ ಹೋದೆವು. ಶಾಲೆಯವರಿಗೂ ಒಂದು ರೂಢಿ ಇತ್ತು. ಹೊಸ ಮಗು ಬಂದ ದಿನ ಬಾಗಿಲಲ್ಲಿ ನಿಲ್ಲಿಸಿ, ಕುಂಕುಮ ಹಚ್ಚಿ, ಆರತಿ ಬೆಳಗಿ ಒಳಗೆ ಕರೆದುಕೊಳ್ಳುವರು. ನಮಗೆ ಅದನ್ನು ನೋಡಿ ಬಹಳ ಸಂತೋಷವಾಯಿತು. ಶಾಲೆಯ ಹಿರಿಯ ಬಾಯಿಯವರು, ಅಂದರೆ ದೊಡ್ಡ ಟೀಚರು, ಗಿಡ್ಡ ಕತ್ತರಿಸಿದ ಬಿಳಿ ಕೂದಲಿನವರು, ಅವಳ ಓಢಣಿಯ ಗಂಟು ತಾವೇ ಬಿಚ್ಚಿ ಅಕ್ಕಿಯನ್ನು ಒಂದು ತಾಟಿಗೆ ಸುರುವಿಕೊಂಡರು. “ಇಷ್ಟು ಚೆಂದದ ಅಕ್ಕಿ ಹಾಳಾಗಬಾರದು” ಎಂದು ಅಡುಗೆಮನೆಗೆ ಕೊಟ್ಟರು. ನಿಮ್ಮ ಅಕ್ಕ ಅದನ್ನೂ ನೋಡಿದಳು. ನಾವು ಹೊರಡುವಾಗ ಅವಳು ಬಾಗಿಲ ಒಳಗೆ ತಲೆ ತಗ್ಗಿಸಿ ನಿಂತಿದ್ದಳು. ಎಷ್ಟು ಶಾಂತವಾಗಿದ್ದಾಳೆ ನೋಡ್ರಿ ಎಂದು ನಿಮ್ಮ ಮಮ್ಮಿ ದಾರಿಯುದ್ದಕ್ಕೂ ಹೇಳಿದಳು.

ಆಮೇಲಿನ ದಿನಗಳು ಹೇಗೆ ಹೋದವೋ. ಫೋನು ಸದ್ದು ಮಾಡಿದರೆ ಎದೆ ಹಾರುತ್ತಿತ್ತು, ಮಾಡದಿದ್ದರೂ ಹಾರುತ್ತಿತ್ತು. ತಿಂಗಳು ಇನ್ನೂ ತುಂಬಿರಲಿಲ್ಲ, ಶಾಲೆಯಿಂದ ಕರೆ ಬಂತು. ನಾಳೆ ಬನ್ನಿ, ತಂದೆತಾಯಿ ಇಬ್ಬರೂ ಬನ್ನಿ, ಮನೆಯ ಹಿರಿಯರನ್ನೂ ಕರೆತನ್ನಿ ಎಂದರಂತೆ. ಯಾಕೆಂದು ಕೇಳಿದರೆ ಫೋನಿನಲ್ಲಿ ಹೇಳುವ ಮಾತಲ್ಲವೆಂದರು.

ನಿಮ್ಮ ಪಪ್ಪಾನಿಗೆ ಐರೋಲಿಯ ಗೋದಾಮಿನಲ್ಲಿ ಲೋಡಿಂಗ್ ಕೆಲಸ. ರಜೆ ಕೇಳಿದರೆ ಕೆಲಸ ಹಂಚುವ ಮುಕಾದಮ್ ನಾಳೆಯಿಂದ ಬರಲೇಬೇಡ ಅನ್ನುವವನು. “ನೀವಿಬ್ಬರೂ ಹೋಗಿ ಬರ್ರಿ” ಎಂದ. ಚಪ್ಪಲಿ ಹಾಕಿಕೊಂಡು ಮತ್ತೆ ಒಳಗೆ ಬಂದು, “ಯವ್ವಾ, ವಾಪಸ್ ಕಳಸ್ತಾರ ಅನಸ್ತೈತಿ. ಕಳಸಿದ್ರ ಅಕಿ ಮುಂದ ಯಾರೂ ಅಳಬ್ಯಾಡ್ರಿ” ಎಂದು ಹೇಳಿ ಹೋದ.

ಶಾಲೆಯ ಆಫೀಸಿನಲ್ಲಿ ಹಿರಿಯ ಬಾಯಿಯವರು, ಮಕ್ಕಳೊಂದಿಗೆ ಮಾತಾಡುವ ಸಮಾಲೋಚಕಿ ಹುಡುಗಿ, ಮತ್ತೆ ರಾತ್ರಿ ಹಗಲು ಹೆಣ್ಣುಮಕ್ಕಳನ್ನು ನೋಡಿಕೊಳ್ಳುವ ಮಾವಶಿ, ಮೂವರೂ ಕೂತಿದ್ದರು. ಯಾರ ಮುಖದಲ್ಲೂ ನಗೆಯಿಲ್ಲ. ಹಿರಿಯ ಬಾಯಿಯವರು ನೇರವಾಗಿ ಮರಾಠಿಯಲ್ಲಿ ಕೇಳಿದರು.

“ಹುಡುಗಿಯ ಲಗ್ನ ಮಾಡಿದ್ದೀರಾ?”

ನಿಮ್ಮ ಮಮ್ಮಿ ನನ್ನ ಕಡೆ ತಿರುಗಿದಳು. ಅವರೇ ಹೇಳಿದರು. ಹುಡುಗಿ ಬಂದ ಮರುದಿನದಿಂದ ಎಲ್ಲರಿಗಿಂತ ಮೊದಲು ಎದ್ದು ಅಂಗಳ ಗುಡಿಸುತ್ತಾಳೆ. ಇಡೀ ದಿನ ತಲೆಯ ಮೇಲಿನ ಓಢಣಿ ತೆಗೆಯುವುದಿಲ್ಲ. ಬೆಳಿಗ್ಗೆ ಹಿರಿಯರ ಕಾಲು ಮುಟ್ಟುತ್ತಾಳೆ. ಊಟಕ್ಕೆ ಕರೆದರೆ ಕೂಡುವುದಿಲ್ಲ, ಎಲ್ಲರದೂ ಮುಗಿದ ಮೇಲೆ ಅಡುಗೆಮನೆಯ ಮೂಲೆಯಲ್ಲಿ ಉಳಿದಿದ್ದನ್ನು ತಿನ್ನುತ್ತಾಳೆ. ತರಗತಿಗೆ ಬಾ ಎಂದರೆ ಪಾತ್ರೆ ತೊಳೆಯಲು ಹೋಗುತ್ತಾಳೆ. ಚೀರಿಲ್ಲ, ಹೊಡೆದಿಲ್ಲ, ನಕ್ಕೂ ಇಲ್ಲ. ಮೊದಮೊದಲು ಎಂಥ ಗುಣದ ಹುಡುಗಿ ಎಂದುಕೊಂಡರಂತೆ, ಆಮೇಲೆ ಹೆದರಿಕೆಯಾಯಿತಂತೆ. ಮೊನ್ನೆ ಮಾವಶಿ, ಆಟಕ್ಕೆ ಯಾಕೆ ಬರುವುದಿಲ್ಲ ಎಂದು ಕೇಳಿದ್ದಕ್ಕೆ, ನನ್ನ ಲಗ್ನ ಆಗಿದೆ, ಇದು ನನ್ನ ಗಂಡನ ಮನೆ ಎಂದಳಂತೆ.

“ಹದಿನಾಲ್ಕರ ಹುಡುಗಿ ಹೀಗೆ ಹೇಳಿದರೆ ನಾವು ಸುಮ್ಮನಿರುವಂತಿಲ್ಲ” ಎಂದರು ಹಿರಿಯ ಬಾಯಿಯವರು. ಮದುವೆ ಮಾಡಿದ್ದು ನಿಜವಾದರೆ ಸರಕಾರದ ಮಕ್ಕಳ ಸಮಿತಿಗೆ ತಿಳಿಸಬೇಕು, ಪೊಲೀಸರು ಬರುತ್ತಾರೆ, ಹುಡುಗಿಯನ್ನು ಮನೆಯವರ ಕೈಗೂ ಕೊಡುವುದಿಲ್ಲ. ಸುಳ್ಳಾದರೆ ಅವಳು ಯಾಕೆ ಹಾಗೆ ಹೇಳುತ್ತಾಳೆ ಎಂಬುದು ತಿಳಿಯಬೇಕು, ಹೀಗೇ ಇದ್ದರೆ ಅವಳನ್ನು ಇಟ್ಟುಕೊಂಡು ಪ್ರಯೋಜನವಿಲ್ಲ ಎಂದರು.

ನಿಮ್ಮ ಮಮ್ಮಿ ಮಕ್ಕಳ ಮೇಲೆ ಆಣೆ ಮಾಡಿ ಇಲ್ಲವೆಂದಳು. ನನಗೆ ಉಡಿಯ ನೆನಪು ಬಂದದ್ದು ಆಗ. ಆ ಹಿಂದಿನ ವರ್ಷ ವಿಜಯಪುರದ ಹತ್ತಿರ ನಮ್ಮ ಹಳ್ಳಿಯಲ್ಲಿ ನನ್ನ ಮಗಳ ಮಗಳ ಮದುವೆಗೆ ಇವಳನ್ನೂ ಕರೆದುಕೊಂಡು ಹೋಗಿದ್ದೆವು. ಮದುಮಗಳನ್ನು ಮಣೆಯ ಮೇಲೆ ಕೂಡಿಸಿ ಉಡಿ ತುಂಬಿದಾಗ ಇಡೀ ಮನೆ ಅತ್ತಿತ್ತು. ಇವಳು ಕಂಬಕ್ಕೆ ಒರಗಿ ನಿಂತು ನೋಡಿದ್ದಳು. ನಾನು ನಿಮ್ಮ ಮಮ್ಮಿಯ ಕಿವಿಯಲ್ಲಿ ಅದನ್ನು ಹೇಳಿದೆ. ಅವಳು ಅಳುತ್ತ ಅರ್ಧಂಬರ್ಧ ಮರಾಠಿಯಲ್ಲಿ ಹೇಳಿದಳು. ಸಮಾಲೋಚಕಿ ಹುಡುಗಿ ಪೂರ್ತಿ ಕೇಳಿಸಿಕೊಂಡು, ಹಾಗಾದರೆ ಅಜ್ಜಿಯೇ ಅವಳನ್ನು ಕೇಳಲಿ, ನಿಮ್ಮ ಭಾಷೆಯಲ್ಲೇ ಕೇಳಲಿ ಎಂದಳು.

ಮಾವಶಿ ಅವಳನ್ನು ಕರೆತಂದಳು. ಸೊರಗಿದ್ದಳು. ನಮ್ಮನ್ನು ನೋಡಿದರೂ ಓಡಿ ಬರಲಿಲ್ಲ. ಮೊದಲು ಹಿರಿಯ ಬಾಯಿಯವರ ಕಾಲು ಮುಟ್ಟಿದಳು, ಆಮೇಲೆ ಖುರ್ಚಿ ಬಿಟ್ಟು ನೆಲದ ಮೇಲೆ ಕೂತಳು. ನಾನೂ ಅವಳ ಎದುರಿಗೆ ನೆಲದ ಮೇಲೆ ಕೂತೆ.

“ಯವ್ವಾ, ನಿಂದು ಮದಿವಿ ಆಗೇತಿ ಅಂತ ಯಾರ ಹೇಳಿದ್ರು?”

“ಯಾರೂ ಹೇಳಿಲ್ಲ ಆಯಿ. ನನಗ ಗೊತ್ತೈತಿ.”

“ಹೆಂಗ ಗೊತ್ತು?”

“ಉಡಿ ತುಂಬಿದ್ರಿ. ಎಲ್ಲಾರೂ ಅತ್ತೀರಿ. ಇವರು ಆರತಿ ಮಾಡಿ ಕರಕೊಂಡ್ರು. ನನ್ನ ಅಕ್ಕಿ ತಗೊಂಡು ಅಡಗಿಮನ್ಯಾಗ ಕೊಟ್ರು.”

“ಮತ್ತ ಗಂಡ ಎಲ್ಲ್ಯದಾನ?”

“ಡ್ಯೂಟಿಗೆ ಹೋಗಿರಬೇಕು.”

“ಇಷ್ಟ ದಿನಾ ಆತು, ಒಂದ ದಿನಾನೂ ಮನಿಗೆ ಬರಲಾರದಂಥಾ ಎಂಥಾ ಡ್ಯೂಟಿ?”

“ಓವರ್‌ಟೈಮ್” ಎಂದಳು. ನಿಮ್ಮ ಪಪ್ಪಾನನ್ನು ಭಾನುವಾರ ಬಿಟ್ಟು ಬೇರೆ ದಿನ ಎಚ್ಚರಿದ್ದಾಗ ನೋಡಿದವಳಲ್ಲ ಅವಳು. ಗಂಡ ಎಂಬುವವನು ಮನೆಯಲ್ಲಿ ಕಾಣದಿದ್ದರೆ ಅವಳಿಗೆ ಅದೇನು ವಿಶೇಷವಲ್ಲ.

“ಅತ್ತಿ ಯಾರು?”

ಹಿರಿಯ ಬಾಯಿಯವರ ಕಡೆಗೆ ಗದ್ದ ತೋರಿಸಿದಳು.

ಅವರು ಏನಂತೆ ಎಂದು ಕೇಳಿದರು. ನಿಮ್ಮ ಮಮ್ಮಿ ಹೆದರುತ್ತ ಮರಾಠಿಯಲ್ಲಿ ಹೇಳಿದಳು, ಓವರ್‌ಟೈಮಿನ ಮಾತನ್ನೂ ಸೇರಿಸಿ ಹೇಳಿದಳು. ಹಿರಿಯ ಬಾಯಿಯವರು ತಿರುಗಿ ಹುಡುಗಿಯನ್ನು ನೋಡಿದರು. ಆಮೇಲೆ, “ಅಗ ಬಾಈ! ನಾನು ಸಾಸೂ?” ಎಂದು ಎದೆಯ ಮೇಲೆ ಕೈಯಿಟ್ಟುಕೊಂಡರು. “ಲಗ್ನವೇ ಆಗದ ನಾನು ಅತ್ತೆಯಾದೆ ನೋಡು!” ಎಂದು ಮಾವಶಿಗೆ ಹೇಳಿ ಜೋರಾಗಿ ನಕ್ಕುಬಿಟ್ಟರು. ಮಾವಶಿ ನಕ್ಕಳು, ಆ ಸಮಾಲೋಚಕಿ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು. ಕೇಸಿಲ್ಲ, ಪೊಲೀಸಿಲ್ಲ ಎಂಬ ನೆಮ್ಮದಿಯ ನಗೆ ಅದು, ನನಗೂ ತುಟಿಯ ತನಕ ಬಂದಿತ್ತು.

ಅಷ್ಟರಲ್ಲಿ ನಿಮ್ಮ ಅಕ್ಕನ ಕೈ ನೋಡಿದೆ. ಬೆರಳುಗಳೆಲ್ಲ ಮುಷ್ಟಿಯೊಳಗೆ ಹೋಗಿದ್ದವು. ಕತ್ತಿನ ನರ ಉಬ್ಬಿತ್ತು. ಇನ್ನೊಂದು ಗಳಿಗೆ ಕಳೆದಿದ್ದರೆ ಚೀರಿ ಗೋಡೆಗೆ ಹೋಗುತ್ತಿದ್ದಳು, ನಾವು ಹೆದರಿದ್ದೆಲ್ಲ ಅಲ್ಲೇ, ಅವರ ಕಣ್ಣ ಮುಂದೆಯೇ ಆಗುತ್ತಿತ್ತು.

“ನಗಬ್ಯಾಡ್ರಿ. ಯಾರೂ ನಗಬ್ಯಾಡ್ರಿ” ಎಂದೆ. ಕನ್ನಡದಲ್ಲೇ ಎಂದೆ. ಅವರಿಗೆ ತಿಳಿಯಿತು. ಹಿರಿಯ ಬಾಯಿಯವರು ತಕ್ಷಣ ನಗೆ ನಿಲ್ಲಿಸಿ, ಮೇಜು ಸುತ್ತಿ ಬಂದು, ಮೊಣಕಾಲು ನೋವಿನಲ್ಲೇ ನಮ್ಮ ಜೊತೆ ನೆಲಕ್ಕೆ ಕೂತರು. “ನಿನಗೆ ನಗಲಿಲ್ಲ ಬೇಟಾ, ನನಗೇ ನಾನು ನಕ್ಕೆ. ತಪ್ಪಾಯಿತು” ಎಂದು ಅವಳಿಗೆ ಹಿಂದಿಯಲ್ಲಿ ಹೇಳಿದರು. ದೊಡ್ಡವರು ಯಾರೂ ಆತನಕ ಅವಳಿಗೆ ತಪ್ಪಾಯಿತು ಎಂದಿರಲಿಲ್ಲ. ಅವರ ಮುಖವನ್ನೇ ನೋಡುತ್ತ ಕೂತಳು. ಮುಷ್ಟಿ ನಿಧಾನಕ್ಕೆ ಸಡಿಲಾಯಿತು.

ನಾನು ಮತ್ತೆ ಕೇಳಿದೆ. “ಊರಾಗ ಅಕ್ಕನ ಮದಿವ್ಯಾಗ ಏನೇನ್ ಇತ್ತು, ಹೇಳು ನೋಡೂಣು.”

ಅವಳಿಗೆ ಎಲ್ಲ ನೆನಪಿತ್ತು. “ಅರಿಶಿಣ ಹಚ್ಚಿದ್ರು. ಬಳಿ ಇಡಿಸಿದ್ರು. ಬ್ಯಾಂಡ್ ಬಂದಿತ್ತು. ತಾಳಿ ಕಟ್ಟಿದ್ರು. ಬುಂದಿ ಮಾಡಿದ್ರು. ಮಾಮಾ ಕುಡದು ಹಂದರದಾಗ ಬಿದ್ದಿದ್ದ.”

“ನಿನಗ ಇದರಾಗ ಯಾವದು ಆತು?”

ಬೆರಳು ಮಡಚುತ್ತ ಯೋಚಿಸಿದಳು. “ಅರಿಶಿಣ ಇಲ್ಲ. ಬಳಿ ಇಲ್ಲ. ಬ್ಯಾಂಡ್ ಇಲ್ಲ. ತಾಳಿ ಇಲ್ಲ.” ಕುತ್ತಿಗೆ ಮುಟ್ಟಿ ನೋಡಿಕೊಂಡಳು. “ಬುಂದಿ ಮಾಡಲಿಲ್ಲ. ಮಾಮಾ ಬೀಳಲಿಲ್ಲ.”

“ಮಾಮಾ ಊರಾಗ ಅದಾನ, ಅಲ್ಲೇ ಬಿದ್ದಿರತಾನ” ಎಂದಳು ನಿಮ್ಮ ಮಮ್ಮಿ ಮೂಗು ಒರೆಸಿಕೊಳ್ಳುತ್ತ. ಅವಳ ಅಣ್ಣನೇ ಅಲ್ಲವೇ, ಅವಳು ಅನ್ನಬಹುದು.

“ಹಂಗಾರ ಮದಿವಿ ಆಗೇತೋ ಇಲ್ಲೋ?”

“ಇಲ್ಲ” ಎಂದಳು. ಒಪ್ಪಿದಳು ಎಂದುಕೊಂಡೆ. ಆದರೆ ಅವಳ ಪ್ರಶ್ನೆ ಇನ್ನೂ ಒಳಗಿತ್ತು. “ಮತ್ತ ಯಾಕ ಅತ್ತೀರಿ?”

“ನೀ ಇಲ್ಲದ ಮನಿ ಬಣಬಣ ಅನಸ್ತೈತಿ ಅಂತ ಅತ್ತೀವಿ.”

“ಚೀರಾಡ್ತೀನಿ ಅಂತ ಕಳಸೀರಿ. ಬ್ಯಾಡಾಗಿ ಕಳಸೀರಿ.”

“ಚೀರಾಡೂದು ಕಡಿಮಿ ಆಗಲಿ ಅಂತ ಕಳಸೀವಿ. ನೀ ಬ್ಯಾಡಾಗಿ ಕಳಸಿಲ್ಲವ್ವಾ.”

ನನ್ನ ಮುಖ ನೋಡಿದಳು, ಅವಳ ಮಮ್ಮಿಯ ಮುಖ ನೋಡಿದಳು. ನಾವಿಬ್ಬರೂ ಅಳಲಿಲ್ಲ. ಹೇಗೆ ತಡೆದೆವೋ ದೇವರಿಗೇ ಗೊತ್ತು.

“ಮನಿಗೆ ಯಾವಾಗ ಬರ್ಲಿ?”

ತಿಂಗಳು ತುಂಬಿರಲಿಲ್ಲ, ಆದ್ದರಿಂದ ನಾನು ಏನೂ ಹೇಳುವಂತಿರಲಿಲ್ಲ. ಸಮಾಲೋಚಕಿ ಹುಡುಗಿಗೆ ಆ ಮಾತು ಹೇಗೋ ತಿಳಿಯಿತು. ಹಿರಿಯ ಬಾಯಿಯವರ ಕಡೆ ನೋಡಿದಳು. ಅವರು, “ಇದೇ ಶನಿವಾರ ಹೋಗು. ಸೋಮವಾರ ಬಾ” ಎಂದರು.

ನಿಮ್ಮ ಅಕ್ಕ ಅದನ್ನು ಮನಸ್ಸಿನಲ್ಲೇ ತಿರುವಿ ಹಾಕಿದಳು. ಊರಿನಲ್ಲಿ ಮದುವೆಯಾದ ಆ ಅಕ್ಕ ಶನಿವಾರ ಶನಿವಾರ ಮನೆಗೆ ಬರುವುದಿಲ್ಲವಲ್ಲ.

“ಶನಿವಾರ ಹೋಗೂದು, ಸೋಮವಾರ ಬರೂದು” ಎಂದಳು ನನಗೆ, ಏನೋ ನನಗೇ ತಿಳಿಸಿ ಹೇಳುವವಳಂತೆ. “ಹಂಗಾರ ಇದು ಶಾಲಿ, ಆಯಿ.”

“ಹೌದವ್ವಾ, ಶಾಲಿ.”

ಓಢಣಿಯನ್ನು ತಲೆಯಿಂದ ಹಿಂದಕ್ಕೆ ಸರಿಸಿ ಹೆಗಲ ಮೇಲೆ ಹಾಕಿಕೊಂಡಳು. ಕೂದಲು ಬೆವರಿನಿಂದ ಅಂಟಿತ್ತು. ಮಾವಶಿಯ ಕಡೆ ತಿರುಗಿ ಮರಾಠಿಯಲ್ಲಿ, ನಾಳೆಯಿಂದ ನಾನು ಅಂಗಳ ಗುಡಿಸುವುದಿಲ್ಲ ಎಂದಳು. ಮಾವಶಿಯೂ ಕಡಿಮೆಯವಳಲ್ಲ. ನಿನ್ನ ಪಾಳಿ ಬಂದ ದಿನ ಗುಡಿಸಲೇಬೇಕು, ಇಲ್ಲಿ ಎಲ್ಲರೂ ಗುಡಿಸುತ್ತಾರೆ, ಅತ್ತೆಯವರೂ ಗುಡಿಸುತ್ತಾರೆ ಎಂದಳು. ಆಗ ನಿಮ್ಮ ಅಕ್ಕ ಮೊದಲು ನಕ್ಕಳು, ಆಮೇಲೆ ನಾವೆಲ್ಲ ನಕ್ಕೆವು.

ಊಟದ ಗಂಟೆ ಹೊಡೆಯಿತು. ಅವಳು ಎದ್ದು ನಿಂತು, “ನಾ ಎಲ್ಲಾರ ಸಂಗಾಟ ಉಣ್ಣಬಹುದೇನು?” ಎಂದು ಕೇಳಿದಳು. ಹೂಂ ಎಂದ ಕೂಡಲೇ ಓಡಿದಳು. ನಾವು ಕಿಟಕಿಯಿಂದ ನೋಡಿದೆವು. ಉದ್ದ ಚಾಪೆಯ ಮೇಲೆ ಇಬ್ಬರು ಹುಡುಗಿಯರ ನಡುವೆ ತೂರಿಕೊಂಡು ಕೂತು, ತಾಟು ಮುಂದಕ್ಕೆ ಚಾಚಿ, ಅನ್ನ ಸಾಲದೆಂದು ಮತ್ತೆ ಚಾಚಿದಳು.

ಹಿರಿಯ ಬಾಯಿಯವರು ಗೇಟಿನ ತನಕ ಬಂದರು. “ಇರುತ್ತಾಳೆ” ಎಂದರು. “ಇಷ್ಟು ದಿನ ಅವಳು ಶಾಲೆಗೆ ಬಂದೇ ಇರಲಿಲ್ಲ. ಇವತ್ತು ಬಂದಳು. ಇವತ್ತಿನಿಂದ ಲೆಕ್ಕ.” ಆಮೇಲೆ ಆರತಿಯ ಮಾತು ತೆಗೆದರು. ಅದನ್ನು ಬಿಡುವುದಿಲ್ಲ, ಆದರೆ ಯಾಕೆ ಮಾಡುತ್ತೇವೆಂದು ಮಗುವಿಗೆ ಮೊದಲೇ ಹೇಳುತ್ತೇವೆ ಎಂದರು. ಉಡಿಯ ಬಗ್ಗೆ ನಾನೂ ಹಾಗೇ ಅಂದುಕೊಂಡೆ.

ಮುಂದಿನದು ನಿಮಗೆ ಗೊತ್ತು. ಅವಳಿಗೆ ಈಗಲೂ ಸಿಟ್ಟು ಬರುತ್ತದೆ, ಆದರೆ ಬರುವ ಮುಂಚೆ ತಾನೇ ಎದ್ದು ಗ್ಯಾಲರಿಗೆ ಹೋಗಿ ನಿಲ್ಲುತ್ತಾಳೆ. ಓದುವುದು ನಿಧಾನ. ಅಂಗಡಿಯ ಬೋರ್ಡು, ಬಸ್ಸಿನ ಬೋರ್ಡು ಓದುತ್ತಾಳೆ. ಶಾಲೆಯ ಹೊಲಿಗೆಯ ಖೋಲಿಯಲ್ಲಿ ಅವಳು ಹೊಲಿದ ಚೀಲದಲ್ಲೇ ನೀವು ಊಟದ ಡಬ್ಬಿ ಒಯ್ಯುವುದು.

ಆ ದಿನ ಶಾಲೆಯಿಂದ ಮರಳುವಾಗ ಕಲ್ಯಾಣದಲ್ಲಿ ನಾವು ಲೋಕಲ್ ಹತ್ತಿದೆವು. ಹೆಂಗಸರ ಬೋಗಿಯಲ್ಲಿ ಕೂಡಲು ಜಾಗ ಸಿಕ್ಕಿತು. ಕಲ್ಯಾಣದಿಂದ ಡೊಂಬಿವಲಿ ಎಷ್ಟು ದೂರ, ನಿಮಗೇ ಗೊತ್ತಲ್ಲ, ಕೂತು ಸೀರೆ ಸರಿಮಾಡಿಕೊಳ್ಳುವಷ್ಟರಲ್ಲಿ ಇಳಿಯಬೇಕು. ಅಷ್ಟರಲ್ಲೇ ಇಬ್ಬರಿಗೂ ನಿದ್ದೆ ಹತ್ತಿತು. ಬಹಳ ದಿನಗಳಿಂದ ಬಾಕಿಯಿದ್ದ ನಿದ್ದೆ. ಯಾರೋ ಕಾಲು ತುಳಿದಾಗ ಎಚ್ಚರಾಗಿ ಹೊರಗೆ ನೋಡಿದರೆ ಠಾಣೆ!

“ಅತ್ತಿ, ಏಳ್ರಿ ಏಳ್ರಿ! ಠಾಣೆಕ್ಕ ಬಂದೀವಿ!” ಎಂದು ನಿಮ್ಮ ಮಮ್ಮಿ ನನ್ನನ್ನು ಎಳೆದುಕೊಂಡೇ ಇಳಿದಳು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅದಕ್ಕೆ ಮುಂಚೆ ಎಂದಾದರೂ ಅತ್ತೆ ಸೊಸೆ ಹಾಗೆ ಒಟ್ಟಿಗೆ ನಕ್ಕದ್ದು ನನಗೆ ನೆನಪಿಲ್ಲ.

ಅಷ್ಟರಲ್ಲಿ ನಿಮ್ಮ ಪಪ್ಪಾನ ಫೋನು ಬಂತು. ಅಂದು ಲೋಡು ಕಡಿಮೆಯೆಂದು ಡ್ಯೂಟಿ ಬೇಗ ಮುಗಿದಿತ್ತು, ಐರೋಲಿಯಿಂದ ಠಾಣೆಗೆ ಬರುವ ಲೋಕಲ್ ಗಾಡಿಯಲ್ಲಿದ್ದ. ನಾವೂ ಠಾಣೆಯಲ್ಲಿದ್ದೇವೆ ಎಂದು ಕೇಳಿ, “ಠಾಣೆದಾಗ ಯಾಕ? ದವಾಖಾನಿಗೆ ಬಂದೀರೇನು? ಏನಾತು ಅಕಿಗೆ?” ಎಂದು ಒದರಿದ. ಅಲ್ಲೇ ಇರ್ರಿ ಎಂದು ಫೋನು ಇಟ್ಟ. ಗಾಡಿ ಇಳಿದು ಸೇತುವೆ ಹತ್ತಿ ಇಳಿದು ಓಡಿ ಬಂದ. ನಮ್ಮ ಹಿಂದೆ ಮುಂದೆ ನೋಡಿದ.

“ಅಕಿ ಎಲ್ಲಿ?”

“ಶಾಲ್ಯಾಗ ಅದಾಳ.”

“ಇಟಗೋತಾರಂತ?”

“ಇಟಗೋತಾರ. ಶನಿವಾರ ಮನಿಗೆ ಬರತಾಳ.”

ಅವನು ಬೆಂಚಿನ ಮೇಲೆ ಕುಸಿದು ಕೂತ. ಅಂಗಿ ಬೆವರಿನಲ್ಲಿ ತೊಯ್ದಿತ್ತು. ಮೊದಲಿನಿಂದ ಹೇಳು ಎಂದ. ನಿಮ್ಮ ಮಮ್ಮಿ ಹೇಳಿದಳು. ಗಂಡ ಓವರ್‌ಟೈಮಿಗೆ ಹೋಗಿದ್ದಾನೆ ಎಂಬಲ್ಲಿಗೆ ಬಂದಾಗ ಅವನು ನಗುತ್ತಾನೆ ಎಂದುಕೊಂಡಿದ್ದೆ. ನಗಲಿಲ್ಲ. ತಲೆ ತಗ್ಗಿಸಿ ಕೂತ. “ಶನಿವಾರ ನಾ ಓವರ್‌ಟೈಮ್ ಮಾಡಂಗಿಲ್ಲ. ಮುಕಾದಮ್ ಏನರ ಅನ್ನವಲ್ಲನ್ಯಾಕ. ನಾನಽ ಕರಕೊಂಡ ಬರ್ತೀನಿ” ಎಂದ.

ಕಲ್ಯಾಣದ ಗಾಡಿ ಬಂತು. ಸಂಜೆಯ ಗದ್ದಲಕ್ಕೆ ಮುಂಚಿನದು, ಕೂಡಲು ಜಾಗವೂ ಇತ್ತು. ನಿಂತ ಗಾಡಿಯನ್ನು ಎಂದೂ ಬಿಟ್ಟವನಲ್ಲ ಅವನು, ಚಲಿಸುವ ಗಾಡಿಗೂ ಓಡುವವನು. ನಿಮ್ಮ ಮಮ್ಮಿ ಏಳಲು ಹೋದಳು. ಅವನು ಅವಳ ಸೆರಗು ಹಿಡಿದು ಕೂಡಿಸಿದ.

“ಕೂಡ್ರಿ ಸ್ವಲ್ಪ” ಎಂದ. “ಮತ್ತೊಂದು ಬರ್ತೈತಿ.”